ಬಿಯರ್ ಸುರಿಯೋದು: ಗ್ಲಾಸ್ ಓರೆಯೋ, ನೆಟ್ಟಗೋ?

ನಮ್ಮ ಕಡೆ ಒಂದು ಚೂರೂ ನೊರೆ ಏಳದ ಹಾಗೆ ಸುರಿದವನೇ ಜಾಣ. ನೊರೆ ಬಂದರೆ ದುಡ್ಡು ದಂಡ ಅನ್ನೋ ಲೆಕ್ಕ. ಅದು ನಿಜಾನಾ ಅಂತ ಮೂರು ಬಗೆಯ ಬಿಯರನ್ನು ಎರಡೆರಡು ರೀತಿ ಸುರಿದು ನೋಡಿದೆ.

ಮೊದಲು ಲಾಗರ್, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ತಿಳಿ ಹಳದಿ ಬಿಯರ್. ಕಿಂಗ್‌ಫಿಷರ್ 650 ಎಂಎಲ್ ಬಾಟಲಿ, ಎರಡು ಗ್ಲಾಸಿಗೆ ಅರ್ಧರ್ಧ. ಒಂದನ್ನು ಕೊನೆವರೆಗೂ ಓರೆಯಾಗೇ ತುಂಬಿಸಿದೆ. ಇನ್ನೊಂದನ್ನು 45 ಡಿಗ್ರಿ ಓರೆ ಹಿಡಿದು, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ ನಡುವಿಗೆ ಸುರಿದೆ, ಎರಡು ಬೆರಳಷ್ಟು ನೊರೆ ಬಂತು. ಓರೆ ಗ್ಲಾಸಿನದ್ದು ನಾಲಿಗೆಗೆ ಚುರುಗುಟ್ಟಿತು, ನಾಲ್ಕು ಗುಟುಕಿಗೇ ಹೊಟ್ಟೆ ಉಬ್ಬಿತು. ಸುರಿಯುವಾಗ ಹೋಗಬೇಕಾದ ಗ್ಯಾಸ್ ಒಳಗೇ ಉಳಿದಿರುತ್ತದಲ್ವಾ! ಇನ್ನೊಂದು ಹಿತವಾಗಿ ಇಳಿಯಿತು, ಘಮವೂ ಜಾಸ್ತಿ.

ಅಂದಹಾಗೆ, ಹಿಂದಿನ ದಿನ ಇದನ್ನೇ ಮಾಡಿದಾಗ ನೊರೆ ಕ್ಷಣದಲ್ಲಿ ಸತ್ತುಹೋಗಿತ್ತು. ಮಜ್ಜಿಗೆ ಕುಡಿದ ಗ್ಲಾಸ್, ಜಿಡ್ಡು ಪೂರ್ತಿ ಹೋಗಿರಲಿಲ್ಲ. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತರೆ ಅಲ್ಲಿ ಕೊಳೆ ಇದೆ ಅಂತಲೇ ಅರ್ಥ.

ಗೋಧಿ ಬಿಯರ್ ಲೆಕ್ಕವೇ ಬೇರೆ. ಜರ್ಮನಿಯ ಹೆಫೆವೈಜೆನ್, ಅರ್ಧ ಲೀಟರಿನ ಎರಡು ಬಾಟಲಿ. ಇದರಲ್ಲಿ ನೊರೆ ತಾನಾಗಿಯೇ ಉಕ್ಕುತ್ತದೆ, ಆದ್ದರಿಂದ ಉದ್ದನೆ ಗ್ಲಾಸನ್ನು ತಣ್ಣೀರಲ್ಲಿ ಜಾಲಿಸಿ, ಚೆನ್ನಾಗಿ ಓರೆ ಹಿಡಿದು, ನಿಧಾನಕ್ಕೆ ಇಳಿಸಬೇಕು. ಒಂದು ಬಾಟಲಿಯ ತಳದ ಎರಡು ಬೆರಳಷ್ಟನ್ನು ಹಾಗೇ ಬಿಟ್ಟೆ. ಗ್ಲಾಸಲ್ಲಿ ಹೆಚ್ಚುಕಮ್ಮಿ ತಿಳಿಯಾಗಿ ಕಂಡಿತು, ರುಚಿ ಮಾತ್ರ ಸಪ್ಪೆ. ಇನ್ನೊಂದರಲ್ಲಿ ಉಳಿದದ್ದನ್ನು ಗರಗರ ತಿರುಗಿಸಿ, ತಳದಲ್ಲಿ ಕೂತ ಈಸ್ಟ್ ಎದ್ದ ಮೇಲೆ ನೊರೆಯ ಮೇಲೇ ಸುರಿದೆ. ಬಣ್ಣ ಮಬ್ಬಾಯಿತು, ಬಾಳೆಹಣ್ಣು, ಲವಂಗದ ವಾಸನೆ ಗಮ್ಮಂತ ಬಂತು. ಹೆಫೆ ಅಂದರೆ ಜರ್ಮನ್ ಭಾಷೆಯಲ್ಲಿ ಈಸ್ಟೇ. ಇಲ್ಲಿ ತಿಳಿ ಬೇಡ, ಬಗ್ಗಡವೇ ಬೇಕು.

ಕೊನೆಗೆ ಅಣ್ಣ ಲಂಡನ್ನಿಂದ ತಂದ ಗಿನ್ನೆಸ್ ಅನ್ನೋ ಐರ್ಲೆಂಡಿನ ಕಪ್ಪು ಬಿಯರ್, 440 ಎಂಎಲ್ ಕ್ಯಾನ್ ಎರಡು. ಐರ್ಲೆಂಡಿನ ಪಬ್ಬುಗಳಲ್ಲಿ ಮುಕ್ಕಾಲು ತುಂಬಿಸಿ, ಸುಮಾರು ಎರಡು ನಿಮಿಷ ಬಿಟ್ಟು, ಆಮೇಲೆ ಉಳಿದದ್ದು ಹಾಕುತ್ತಾರೆ. ಒಂದು ಕ್ಯಾನನ್ನು ಹಾಗೆ ಸುರಿದೆ, ಇನ್ನೊಂದನ್ನು ಒಂದೇ ಸಲಕ್ಕೆ. ರುಚಿಯಲ್ಲಿ ನನಗೇನೂ ವ್ಯತ್ಯಾಸ ಸಿಗಲಿಲ್ಲ, ಕ್ಯಾನಿನೊಳಗಿನ ಪ್ಲಾಸ್ಟಿಕ್ ಗುಂಡು ನೈಟ್ರೋಜನ್ ಬಿಟ್ಟು ನೊರೆಯ ಕೆಲಸ ತಾನೇ ಮಾಡಿಬಿಡುತ್ತದೆ. ಆದರೆ ತುಂಬಿಸಿದ ಕೂಡಲೇ ಬಾಯಿಗಿಡಬೇಡಿ. ನಡುವೆ ಮೇಲೇಳುವ ಗುಳ್ಳೆಗಳು ಬಿಯರನ್ನೂ ಎಳೆದುಕೊಂಡು ಹೋಗಿ, ಅದು ಅಂಚಲ್ಲಿ ಕೆಳಗಿಳಿಯುವಾಗ ಸಣ್ಣ ಗುಳ್ಳೆಗಳೂ ಜೊತೆಗೆ ಇಳಿಯುತ್ತವೆ. ಆ ಕಂದು ಮೋಡ ಪೂರ್ತಿ ಕಪ್ಪಾಗಿ, ಮೇಲೆ ಕೆನೆ ಕಟ್ಟುವವರೆಗೂ ಕಾಯಿರಿ.