ಮಳೆ ಲೆಕ್ಕದ ಫೋರಂಗೆ ಡಿಸ್ಕೋರ್ಸ್: ಎಂಟು ವರ್ಷ ಬಳಸಿದ ಮೇಲೆ

ಪ್ರತಿ ವರ್ಷ ಜೂನ್ 1ರಂದು ನಮ್ಮ ಆನ್‌ಲೈನ್ ಫೋರಂನಲ್ಲಿ ಒಂದು ಹೊಸ ವಿಷಯ ತೆರೆಯುತ್ತೇನೆ. ಹೆಸರು ಯಾವಾಗಲೂ ಒಂದೇ, ‘ಈ ವರ್ಷದ ಮಳೆ’. ಬೆಳಗ್ಗೆ 8.30ಕ್ಕೆ ಅಂಗಳದ ಮಳೆಮಾಪಕ ನೋಡಿ ಸದಸ್ಯರು ಒಬ್ಬೊಬ್ಬರಾಗಿ ಲೆಕ್ಕ ಹಾಕುತ್ತಾರೆ. ಸುಳ್ಯ 84 ಮಿ.ಮೀ., ತೀರ್ಥಹಳ್ಳಿ 61, ಸಿದ್ದಾಪುರ 77. 2006ರಿಂದ ಒಂದು ಮಳೆಗಾಲವೂ ತಪ್ಪಿಲ್ಲ. ಮಳೆ ಬಿಟ್ಟರೆ ಅಡಿಕೆ, ಕಾಳುಮೆಣಸು, ಕೊಳೆ ರೋಗ, ಮದ್ದು ಹೊಡೆಯುವವರು ಸಿಗದ ಕಷ್ಟ. ದಿನಾ ಬರುವವರು ನೂರರ ಒಳಗೆ. ನೋಡಿಕೊಳ್ಳುವವಳು ನಾನೊಬ್ಬಳೇ.

ಹೀಗೆ ಚಿಕ್ಕ ಫೋರಂ ನಡೆಸುವವರು, ನಡೆಸಬೇಕು ಅಂತಿರುವವರು ಆಗಾಗ ಕೇಳುತ್ತಾರೆ, ಯಾವ ಸಾಫ್ಟ್‌ವೇರ್ ಹಾಕಲಿ ಎಂದು. ನಾನು 2017ರಿಂದ ಡಿಸ್ಕೋರ್ಸ್ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಪಿಎಚ್‌ಪಿಬಿಬಿ ಇತ್ತು. ಎರಡೂ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರಿಗೆ ಯಾವುದು ಹೇಗೆ ಅನ್ನುವುದು ಬೇರೆಯೇ ಕಥೆ.

ನಾವು ಶುರು ಮಾಡಿದ್ದು ಪಿಎಚ್‌ಪಿಬಿಬಿಯ 2ನೇ ಆವೃತ್ತಿಯಲ್ಲಿ. ಅದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಮನಸ್ಸಲ್ಲಿಟ್ಟು ಮಾಡಿದ್ದಲ್ಲ. ನಾವು ‘ಕ’ ಎಂದು ಬರೆದರೆ ಒಳಗೆ ಕ ಎಂದು ಉಳಿಯುತ್ತಿತ್ತು. ಒಂದು ಅಕ್ಷರಕ್ಕೆ ಏಳು ಜಾಗ. ಶೀರ್ಷಿಕೆಗೆ ಇದ್ದದ್ದು ಒಟ್ಟು 60 ಜಾಗ. ಅಂದರೆ ಗುಣಿತದ ಚಿಹ್ನೆಗಳೂ ಸೇರಿ ಎಂಟೇ ಎಂಟು. ‘ಅಡಿಕೆ ಕೊಳೆ ರೋಗ’ ಎಂದು ಹಾಕಿದರೆ ‘ಅಡಿಕೆ ಕೊಳ’ ಎಂದು ಬಂದು, ಪಕ್ಕದಲ್ಲಿ ಅರ್ಧ ತುಂಡಾದ ಗುರುತು ನಿಲ್ಲುತ್ತಿತ್ತು. ಕೆಲವರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸುತ್ತಿದ್ದರು. ಅದು ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ರಾತ್ರಿ ಕೂತು ಒಂದೊಂದನ್ನೇ ಯೂನಿಕೋಡ್‌ಗೆ ಬದಲಿಸಿದ್ದೇನೆ. 2007ರ ಡಿಸೆಂಬರ್‌ನಲ್ಲಿ 3ನೇ ಆವೃತ್ತಿ ಬಂತು. ಅದು ಪೂರ್ತಿ ಯೂನಿಕೋಡ್. ಮರುವರ್ಷ ಅದಕ್ಕೆ ಬದಲಾಯಿಸಿದ ದಿನ ಶೀರ್ಷಿಕೆಗಳು ಇಡಿಯಾಗಿ ಕಂಡಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ಆಮೇಲೆ ಒಂಬತ್ತು ವರ್ಷ ಅದು ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡಿತು. ಸಣ್ಣ ಹೋಸ್ಟಿಂಗ್‌ನಲ್ಲೂ ಓಡುತ್ತದೆ, ಗಟ್ಟಿ ಸಾಮಾನು.

ಹಾಗಿದ್ದರೆ ಬದಲಾಯಿಸಿದ್ದು ಯಾಕೆ? ಸ್ಪ್ಯಾಮ್. ಬೆಳಗ್ಗೆ ಎದ್ದ ಕೂಡಲೇ ಮೊದಲ ಕೆಲಸ ಕಸ ಗುಡಿಸುವುದಾಗಿತ್ತು. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ಅಡಿಕೆ ಹರವಿ ಮುಗಿಸಿ ಕೂತರೆ ಮತ್ತೆ ಮೂವತ್ತು ಜಾಹೀರಾತು. ಒಬ್ಬಳ ಕೈಲಿ ಆಗುವ ಕೆಲಸವಲ್ಲ. ಮಾಡರೇಟರ್ ಆಗಿ ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ಎಲ್ಲರಿಗೂ ಅವರವರ ತೋಟ ಇದೆ ಅಲ್ವಾ.

ಡಿಸ್ಕೋರ್ಸ್ ನನಗೆ ಇಷ್ಟವಾದದ್ದು ಈ ಒಂದು ವಿಷಯಕ್ಕೆ. ಅದು ಸದಸ್ಯರನ್ನು ನಂಬಿಕೆಯ ಮಟ್ಟಗಳಾಗಿ ನೋಡುತ್ತದೆ, 0ಯಿಂದ 4ರವರೆಗೆ. ಹೊಸಬರು ಐದು ವಿಷಯ ತೆರೆದು, 30 ಬರಹ ಓದಿ, ಹತ್ತು ನಿಮಿಷ ಇದ್ದರೆ ತಾನಾಗಿಯೇ 1ಕ್ಕೆ ಏರುತ್ತಾರೆ. ಅಷ್ಟರವರೆಗೆ ಅವರಿಗೆ ಲಿಂಕ್, ಚಿತ್ರ ಹಾಕಲು ಮಿತಿ ಇರುತ್ತದೆ. ಕಸ ಹಾಕುವವರಿಗೆ ಓದುವ ತಾಳ್ಮೆ ಎಲ್ಲಿ? ಇನ್ನು 3ನೇ ಮಟ್ಟದವರು ಹೊಸಬರ ಬರಹವನ್ನು ಸ್ಪ್ಯಾಮ್ ಎಂದು ಗುರುತು ಹಾಕಿದರೆ ಅದು ತಕ್ಷಣ ಮರೆಯಾಗುತ್ತದೆ. ನನ್ನನ್ನು ಕಾಯಬೇಕಾಗಿಲ್ಲ. ಶೀರ್ಷಿಕೆ ತಪ್ಪಿದ್ದರೆ ಅವರೇ ತಿದ್ದಬಹುದು, ವಿಭಾಗ ಬದಲಿಸಬಹುದು. ಮಾಡರೇಟರ್ ಅನ್ನುವ ಹೆಸರು ಬೇಡವೆಂದವರೇ ಈಗ ಆ ಕೆಲಸ ಸಂತೋಷವಾಗಿ ಮಾಡುತ್ತಿದ್ದಾರೆ. ಕಳೆದ ವರ್ಷ ಮಗಳ ಬಾಣಂತನಕ್ಕೆ ಎರಡು ತಿಂಗಳು ಮೈಸೂರಿನಲ್ಲಿದ್ದೆ. ಫೋರಂ ಕಡೆ ಸರಿಯಾಗಿ ನೋಡಲೇ ಆಗಲಿಲ್ಲ. ವಾಪಸ್ ಬಂದು ನೋಡಿದರೆ ಎಲ್ಲಾ ಅಚ್ಚುಕಟ್ಟಾಗಿತ್ತು.

ಒಂದು ಎಚ್ಚರಿಕೆ. 3ನೇ ಮಟ್ಟದಲ್ಲಿ ಉಳಿಯಲು ನೂರು ದಿನದಲ್ಲಿ ಐವತ್ತು ದಿನವಾದರೂ ಬರಬೇಕು ಎಂಬುದು ಮೊದಲೇ ಇರುವ ನಿಯಮ. ಕೊಯ್ಲಿನ ಹೊತ್ತಿಗೆ ರೈತರಿಗೆ ಇದು ಆಗದ ಮಾತು. ಸೆಟ್ಟಿಂಗ್‌ನಲ್ಲಿ ಇಳಿಸಿಕೊಳ್ಳಿ, ಇಲ್ಲವೇ ನಿಮಗೆ ನಂಬಿಕೆ ಇರುವವರ ಮಟ್ಟಕ್ಕೆ ಬೀಗ ಹಾಕಿ. ನಾನು ಏಳು ಜನರಿಗೆ ಹಾಗೆ ಮಾಡಿದ್ದೇನೆ.

ಕನ್ನಡಕ್ಕಾಗಿ ಬದಲಿಸಲೇಬೇಕಾದ ಸೆಟ್ಟಿಂಗ್‌ಗಳು ಇನ್ನೂ ಇವೆ. ಹುಡುಕಲು ಕನಿಷ್ಠ ಮೂರು ಅಕ್ಷರ ಬೇಕು ಎಂದಿರುತ್ತದೆ. ‘ಮರ’ ಎಂದರೆ ಎರಡೇ, ಹುಡುಕುವುದೇ ಇಲ್ಲ. ಅದನ್ನು 2ಕ್ಕೆ ಇಳಿಸಿ. ಬರಹಕ್ಕೆ ಕನಿಷ್ಠ 20 ಅಕ್ಷರ ಬೇಕು ಎಂದಿರುತ್ತದೆ. ‘ಧನ್ಯವಾದಗಳು’ ಎಂದರೆ ಗುಣಿತ, ಒತ್ತಿನ ಚಿಹ್ನೆಗಳೂ ಸೇರಿ ಬರೀ ಹತ್ತು. ಧನ್ಯವಾದಕ್ಕೆ ಬೇಕಾದರೆ ಹೃದಯದ ಗುರುತು ಒತ್ತಬಹುದು, ಆದರೆ ‘ಇಲ್ಲಿ 12 ಮಿ.ಮೀ.’ ಎಂದು ಹಾಕುವ ನಮಗೆ ಈ ನಿಯಮ ಆಗುವುದಿಲ್ಲ. ನಾನು 5ಕ್ಕೆ ಇಳಿಸಿದ್ದೇನೆ. ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸದಲ್ಲಿ ಸುಮ್ನೆ ‘ಟಾಪಿಕ್’ ಎಂದು ಬರುತ್ತದೆ. ಅದಕ್ಕೂ ಒಂದು ಆಯ್ಕೆ ಇದೆ. ಬಟನ್‌ಗಳ ಮೇಲಿನ ಪದಗಳನ್ನು ಅಡ್ಮಿನ್ ಪುಟದಿಂದಲೇ ಬದಲಿಸಬಹುದು. ‘ಉತ್ತರಿಸಿ’, ‘ಹೊಸ ವಿಷಯ’, ‘ಹುಡುಕಿ’ ಎಂದು ಮುಖ್ಯವಾದವನ್ನು ನಾನೇ ಬರೆದುಕೊಂಡೆ. ಎರಡು ಸಂಜೆಯ ಕೆಲಸ. ಹಿರಿಯ ಸದಸ್ಯರಿಗೆ ಇದರಿಂದ ತುಂಬಾ ಅನುಕೂಲವಾಯಿತು.

ಇನ್ನೊಂದು ಇದೆ. ಹಳೆಯ ವಿಷಯಕ್ಕೆ ಉತ್ತರ ಬರೆಯಲು ಹೊರಟರೆ, ಇದು ಬಹಳ ಹಿಂದಿನದು, ನಿಜಕ್ಕೂ ಎಬ್ಬಿಸಬೇಕಾ ಎಂದು ಡಿಸ್ಕೋರ್ಸ್ ಕೇಳುತ್ತದೆ. ನಾನು ಅದನ್ನು ಆಫ್ ಮಾಡಿಬಿಟ್ಟೆ. ನಮ್ಮಲ್ಲಿ ಕೊಳೆ ರೋಗ ಪ್ರತಿ ಆಷಾಢದಲ್ಲಿ ಬರುತ್ತದೆ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪ್ರಶ್ನೆಯೂ ಪ್ರತಿ ವರ್ಷ ಬರುತ್ತದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಇದನ್ನು 2009ರಲ್ಲಿ ಒಬ್ಬ ಹಿರಿಯರು ಅಚ್ಚುಕಟ್ಟಾಗಿ ವಿವರಿಸಿದ್ದರು. ಈಗ ಅವರಿಲ್ಲ. ಅವರ ಬರಹದ ಕೆಳಗೆ ಪ್ರತಿ ಮಳೆಗಾಲ ಹೊಸ ಹುಡುಗರ ಪ್ರಶ್ನೆ, ಅನುಭವ ಸೇರುತ್ತಲೇ ಇದೆ. ನಮ್ಮದೂ ಒಂದು ವಾಟ್ಸಾಪ್ ಗುಂಪಿದೆ, ಅಲ್ಲಿ ಮಾತು ಜಾಸ್ತಿ. ಆದರೆ ಹೋದ ವರ್ಷ ಅಲ್ಲಿ ಹೇಳಿದ್ದನ್ನು ಈ ವರ್ಷ ಹುಡುಕಿ ತೆಗೆಯುವುದು ತುಂಬಾ ಕಷ್ಟ.

ಕಷ್ಟದ ಕಡೆಯನ್ನೂ ಹೇಳಬೇಕು. ಸಾಮಾನ್ಯ ಹೋಸ್ಟಿಂಗ್‌ನಲ್ಲಿ ಡಿಸ್ಕೋರ್ಸ್ ಕೂರುವುದಿಲ್ಲ. ಡಾಕರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದೇ ಕಟ್ಟಾಗಿ ಓಡಿಸುವ ಸಾಧನ) ಓಡುವ ಸ್ವಂತ ಸರ್ವರ್ ಬೇಕು. ಕನಿಷ್ಠ 1 ಜಿಬಿ ಮೆಮೊರಿ ಎನ್ನುತ್ತಾರೆ, ನನ್ನ ಅನುಭವದಲ್ಲಿ 2 ಜಿಬಿ ಇಟ್ಟುಕೊಳ್ಳಿ. ನನಗೆ ತಿಂಗಳಿಗೆ ಸಾವಿರ ರೂಪಾಯಿ ಹತ್ತಿರ ಬೀಳುತ್ತದೆ. ಹನ್ನೆರಡು ಜನ ಸೇರಿ ವರ್ಷಕ್ಕೆ ಸಾವಿರ ಸಾವಿರ ಹಾಕುತ್ತೇವೆ. ಕಪ್ಪು ಪರದೆಯಲ್ಲಿ ಆದೇಶ ಬರೆಯಲು ಹೆದರುವವರಾದರೆ ಜೊತೆಗೆ ಗೊತ್ತಿರುವವರನ್ನು ಇಟ್ಟುಕೊಳ್ಳಿ. ನನಗೆ ನನ್ನ ಅಣ್ಣನ ಮಗ ಕಲಿಸಿದ.

ಎಲ್ಲಕ್ಕಿಂತ ಕಷ್ಟ ಇಮೇಲ್. ಖಾತೆ ತೆರೆಯುವುದು, ಪಾಸ್‌ವರ್ಡ್ ಬದಲಿಸುವುದು ಎಲ್ಲಾ ಇಮೇಲ್ ಮೇಲೆ ನಿಂತಿದೆ. ಮೇಲ್ ಕಳಿಸುವ ಸೇವೆಯೊಂದನ್ನು ಬೇರೆ ತೆಗೆದುಕೊಂಡು, ಡೊಮೈನ್‌ನಲ್ಲಿ ಎಸ್‌ಪಿಎಫ್, ಡಿಕೆಐಎಂ ದಾಖಲೆ (ಪತ್ರ ನಿಜಕ್ಕೂ ನಮ್ಮದೇ ಎಂದು ತೋರಿಸುವವು) ಸರಿಯಾಗಿ ಹಾಕಬೇಕು. ಇಲ್ಲದಿದ್ದರೆ ಪತ್ರ ಸ್ಪ್ಯಾಮ್ ಡಬ್ಬಿಗೆ ಹೋಗುತ್ತದೆ. ಹಳೆಯ ಬರಹಗಳನ್ನು ತರಲು ಡಿಸ್ಕೋರ್ಸ್‌ನಲ್ಲೇ ಸ್ಕ್ರಿಪ್ಟ್ ಇದೆ, ಅದು ಚೆನ್ನಾಗಿ ಕೆಲಸ ಮಾಡಿತು. ಆದರೆ ನಾವು ಎಲ್ಲರಿಗೂ ಹೊಸ ಪಾಸ್‌ವರ್ಡ್ ಮಾಡಿಸಬೇಕಾಯಿತು. ಹತ್ತು ವರ್ಷ ಹಿಂದೆ ಕೊಟ್ಟ ಇಮೇಲ್ ಎಷ್ಟೋ ಜನರಿಗೆ ಮರೆತೇ ಹೋಗಿತ್ತು. ಮೂರು ತಿಂಗಳು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಆದರೂ ಕೆಲವರು ತಪ್ಪಿಹೋದರು. ಅದು ಈಗಲೂ ನನ್ನನ್ನು ಕಾಡುತ್ತದೆ. ನೀವು ಬದಲಾಯಿಸುವುದಾದರೆ ಆರು ತಿಂಗಳು ಮೊದಲೇ ಎಲ್ಲರ ಇಮೇಲ್ ಸರಿಪಡಿಸಿಕೊಳ್ಳಿ.

ಬ್ಯಾಕಪ್ ಬಗ್ಗೆ. 2012ರ ಜುಲೈನಲ್ಲಿ ಆಗಿನ ಹೋಸ್ಟಿಂಗ್ ಕಂಪನಿಯ ಸರ್ವರ್ ಕೆಟ್ಟು ನಮ್ಮ 19 ದಿನದ ಬರಹ ಹೋಯಿತು. ಜಡಿಮಳೆಯ 19 ದಿನ. ಸದಸ್ಯರು ಮನೆಯ ನೋಟ್‌ಬುಕ್ ತೆಗೆದು ಒಂದೊಂದು ದಿನದ ಮಳೆಯನ್ನೂ ಮತ್ತೆ ಬರೆದರು. ಈಗ ಡಿಸ್ಕೋರ್ಸ್ ದಿನಾ ರಾತ್ರಿ ಎಲ್ಲವನ್ನೂ ಒಂದೇ ಫೈಲ್ ಮಾಡಿ ಇಡುತ್ತದೆ. ಭಾನುವಾರ ಅದನ್ನು ಮನೆಯ ಹಾರ್ಡ್ ಡಿಸ್ಕ್‌ಗೆ ಇಳಿಸುತ್ತೇನೆ. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಬೇರೆ ಸರ್ವರ್‌ನಲ್ಲಿ ಆ ಫೈಲ್ ತೆರೆದು ನೋಡುತ್ತೇನೆ. ಈ ವರ್ಷ ನಲವತ್ತು ನಿಮಿಷ ಹಿಡಿಯಿತು. ಮೊದಲು 2012ರ ಜುಲೈ ತೆರೆದೆ. ಹತ್ತೊಂಬತ್ತೂ ದಿನ ಅಲ್ಲೇ ಇತ್ತು.