ವಿಯೆನ್ನಾ ಒಪೆರಾಗೆ ಮೈಸೂರು ರೇಷ್ಮೆ ಸೀರೆ: ಎಷ್ಟು ಒಗ್ಗುತ್ತದೆ?

ಒಪೆರಾ ಅಂದರೆ ಹೆಚ್ಚಾಗಿ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ಸಂಗೀತ ನಾಟಕ. ಅದಕ್ಕೆ ಉಡುವ ಬಟ್ಟೆಗೆ ಮೊದಲ ಪರೀಕ್ಷೆ ಸದ್ದು. ಅಲ್ಲಿ ಹಾಡುವವರ ಮುಂದೆ ಮೈಕ್ ಇರುವುದಿಲ್ಲ. ದನಿ ಇಡೀ ವಾದ್ಯಮೇಳವನ್ನು ದಾಟಿ ಮೇಲಿನ ಗ್ಯಾಲರಿಯ ಕೊನೆಯ ಸಾಲಿಗೆ ಹಾಗೇ ತಲುಪಬೇಕು. ಪಿಟೀಲುಗಳು ತೀರಾ ಮೆಲ್ಲಗಾಗಿ, ಗಾಯಕಿ ಉಸಿರೆಳೆದುಕೊಂಡದ್ದೂ ಕೇಳುವಂಥ ಗಳಿಗೆಯಲ್ಲಿ ಒಬ್ಬರ ಸೀರೆ ಸರಸರ ಅಂದರೆ ಸಾಲಿಗೆ ಸಾಲೇ ತಿರುಗಿ ನೋಡುತ್ತದೆ. ಈ ಒಂದು ಕಾರಣಕ್ಕೇ, ಆಸ್ಟ್ರಿಯಾದ ರಾಜಧಾನಿಯ ವಿಯೆನ್ನಾ ಸ್ಟೇಟ್ ಒಪೆರಾಗೆ ಹೊರಟವರು ಕಂಚಿ ಸೀರೆಯನ್ನು ಬೀರುವಿನಲ್ಲೇ ಬಿಟ್ಟು ಮೈಸೂರು ರೇಷ್ಮೆ ಉಡುವುದು ಮೇಲು.

ಮೈಸೂರು ಕ್ರೇಪ್ ಸಿಲ್ಕಿನ ನೂಲಿಗೆ ಗಟ್ಟಿಯಾಗಿ ಹುರಿ ಕೊಟ್ಟು ನೇಯುತ್ತಾರೆ. ಆ ಹುರಿಯಿಂದಾಗಿ ಬಟ್ಟೆಯ ಮೈಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸುಕ್ಕು ನಿಂತಿರುತ್ತದೆ. ಅದಕ್ಕೇ ನೆರಿಗೆ ಗರಿಗರಿ ನಿಲ್ಲದೆ ಕಾಲಿನಗುಂಟ ಇಳಿಯುತ್ತದೆ, ಕಾಲ ಮೇಲೆ ಕಾಲು ಹಾಕಿದರೂ ಸದ್ದಿರುವುದಿಲ್ಲ. ಮೂರು ತಾಸು ಕುಳಿತೆದ್ದ ಮೇಲೂ ಹಿಂಭಾಗದಲ್ಲಿ ಮುದುರಿದ ಗೆರೆ ಉಳಿಯುವುದು ಕಡಿಮೆ. ಕಂಚಿಯ ಅಂದ ಅದರ ಬಿಗಿಯಲ್ಲಿದೆ, ಮದುವೆ ಮಂಟಪದಲ್ಲಿ ಅದು ರಾಣಿ. ಇಕ್ಕಟ್ಟಿನ ಕುರ್ಚಿಯಲ್ಲಿ ಮಾತ್ರ ಅದೇ ಬಿಗಿ ತೊಂದರೆ ಕೊಡುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ. ಆ ಬೆಳ್ಳಿಯ ಮಾತು ಮುಂದೆ ಚಳಿಗಾಲದ ರಸ್ತೆಯ ವಿಚಾರಕ್ಕೆ ಬೇಕಾಗುತ್ತದೆ. ಆರಿಸುವಾಗ ಒಡಲು ಖಾಲಿ, ಅಂಚು ಎರಡು ಮೂರು ಇಂಚು ಇರುವಂಥದ್ದು ಸಾಕು. ಮೈತುಂಬ ಜರಿಬುಟ್ಟಾ ಇದ್ದರೆ ತೂಕವೂ ಹೆಚ್ಚು, ಕೈಚೀಲದ ಕೊಂಡಿಗೆ ಸಿಕ್ಕಿ ಎಳೆ ಹೊರಬರುವ ಭಯವೂ ಹೆಚ್ಚು.

ಇಷ್ಟಕ್ಕೂ ಅಲ್ಲಿ ಸೀರೆಯೇ ಬೇಕೆ? ಬೇಕೇ ಬೇಕೆಂದಿಲ್ಲ. ಮಾಮೂಲು ದಿನಗಳಲ್ಲಿ ಇದನ್ನೇ ತೊಡಬೇಕೆಂಬ ಕಟ್ಟುಪಾಡಿಲ್ಲ, ಸಂದರ್ಭಕ್ಕೆ ಒಪ್ಪುವಂತಿದ್ದರೆ ಆಯಿತು. ಕೆಳಗಿನ ಸೀಟುಗಳಲ್ಲಿ ಗಾಢ ಬಣ್ಣದ ಸೂಟು, ಮೊಣಕಾಲು ದಾಟುವ ಗೌನು ಹೆಚ್ಚು, ನಿಂತು ನೋಡುವ ಜಾಗದಲ್ಲಿ ಜೀನ್ಸೂ ಧಾರಾಳ. ಕಟ್ಟುನಿಟ್ಟು ಇರುವುದು ಒಪೆರಾ ಬಾಲ್‌ನ ರಾತ್ರಿ. ಅಂದು ಹೆಂಗಸರಿಗೆ ನೆಲಮುಟ್ಟುವ ಗೌನು, ಗಂಡಸರಿಗೆ ಬಾಲವಿರುವ ಕರಿ ಕೋಟು ಕಡ್ಡಾಯ. ಆದರೆ ಅದು ನೃತ್ಯದ ಉತ್ಸವ, ಒಪೆರಾ ನೋಡುವ ರಾತ್ರಿಯಲ್ಲ. ಎರಡನ್ನೂ ಒಂದೇ ಅಂದುಕೊಂಡು ಸುಮ್ಮನೆ ಹೆದರುವವರು ಬಹಳ. 1869ರಲ್ಲಿ ಮೊಜಾರ್ಟ್‌ನ ‘ಡಾನ್ ಜೊವಾನ್ನಿ’ಯಿಂದ ತೆರೆದ, 1945ರ ಬಾಂಬಿಗೆ ಸುಟ್ಟು 1955ರಲ್ಲಿ ಮತ್ತೆ ಎದ್ದುನಿಂತ ಒಪೆರಾ ಮಂದಿರ ಅದು. ಬಾಂಬಿನಿಂದ ಉಳಿದುಕೊಂಡ ಮುಂಭಾಗದ ಆ ದೊಡ್ಡ ಮೆಟ್ಟಿಲುಗಳನ್ನು ಚೆನ್ನಾಗಿ ಉಟ್ಟುಕೊಂಡು ಹತ್ತುವುದರಲ್ಲಿ ಒಂದು ಮರ್ಯಾದೆ ಇದೆ.

ಕಷ್ಟ ಶುರುವಾಗುವುದು ಚಳಿಗಾಲದಲ್ಲಿ. ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಹೀಟರಿನ ಒಣ ಬಿಸಿ. ಓವರ್‌ಕೋಟನ್ನು ಒಳಗೆ ಒಯ್ಯುವಂತಿಲ್ಲ, ಕೊಡೆ ಮತ್ತು ದೊಡ್ಡ ಚೀಲದ ಜೊತೆ ಕೋಟುಗಳ ಕೌಂಟರಿನಲ್ಲಿ ಕೊಟ್ಟು ಚೀಟಿ ಪಡೆಯಬೇಕು. ಹಾಗಾಗಿ ಬೆಚ್ಚಗಿನದೆಲ್ಲ ಕೋಟಿನಲ್ಲೇ ಇರಲಿ. ಸೀರೆಯೊಳಗೆ ತೆಳುವಾದ ಉಣ್ಣೆಯ ಲೆಗ್ಗಿಂಗ್ ಒಂದೇ ಸಾಕು, ದಪ್ಪನೆಯದು ಹಾಕಿದರೆ ಎರಡನೇ ಅಂಕದ ಹೊತ್ತಿಗೆ ಬೆವರು. ಲಂಗ ಹತ್ತಿಯದೇ ಆಗಬೇಕು. ಲಂಗದ ಬದಲು ಈಗ ಎಲ್ಲರೂ ಮೆಚ್ಚುವ ಮೈಗಂಟುವ ಶೇಪ್‌ವೇರ್ ಹೆಚ್ಚಾಗಿ ನೈಲಾನಿನಂಥ ಕೃತಕ ನೂಲಿನದು. ಒಣ ಹವೆಯಲ್ಲಿ ರೇಷ್ಮೆ ಅದಕ್ಕೆ ಉಜ್ಜಿ ವಿದ್ಯುತ್ ಹುಟ್ಟಿ, ನೆರಿಗೆಯೆಲ್ಲ ಕಾಲಿಗೆ ಅಂಟಿಕೊಳ್ಳುತ್ತದೆ. ಸಾಲದ್ದಕ್ಕೆ ಹೆಜ್ಜೆ ಅಗಲ ಇಡಲಾಗದೆ ಮೆಟ್ಟಿಲಲ್ಲಿ ಪರದಾಟ. ಹಾಗೆ ಅಂಟಿದರೆ ಕೈ ಸ್ವಲ್ಪ ಒದ್ದೆ ಮಾಡಿಕೊಂಡು ಲಂಗದ ಮೇಲೆ ಸವರಿದರೆ ಬಿಟ್ಟುಕೊಳ್ಳುತ್ತದೆ. ನೀರು ರೇಷ್ಮೆಗೆ ಮುಟ್ಟಬಾರದು, ಕಲೆ ನಿಲ್ಲುತ್ತದೆ.

ಹಿಮ ಕರಗಲೆಂದು ಕಾಲುದಾರಿಗೆ ಉಪ್ಪು ಚೆಲ್ಲಿರುತ್ತಾರೆ. ಆ ಕೊಚ್ಚೆ ಅಂಚಿಗೆ ತಾಗಿದರೆ ಒಣಗಿದ ಮೇಲೆ ಬಿಳಿ ಗೆರೆ ಮೂಡುತ್ತದೆ, ಜರಿಯ ಬೆಳ್ಳಿಯೂ ಕಪ್ಪಿಡುತ್ತದೆ. ಕಾರ್ಲ್ಸ್‌ಪ್ಲಾಟ್ಸ್ ಮೆಟ್ರೋ ನಿಲ್ದಾಣದಿಂದ ಒಪೆರಾ ಕೆಲವೇ ನಿಮಿಷದ ನಡಿಗೆ, ಆದರೂ ಅಷ್ಟಕ್ಕೇ ಅಂಚು ಕೆಡುತ್ತದೆ. ಬೂಟು ಹಾಕಿಕೊಂಡು, ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಕೋಟಿನೊಳಗೆ ಸಿಕ್ಕಿಸಿ ನಡೆಯಿರಿ. ಒಳಗೆ ಬಂದ ಮೇಲೆ ಚಪ್ಪಟೆ ಷೂ ಬದಲಿಸಿ, ಬೂಟನ್ನು ಚೀಲಕ್ಕೆ ಹಾಕಿ ಕೋಟಿನ ಜೊತೆ ಕೊಟ್ಟುಬಿಡಿ. ಸೀರೆ ಉಡುವಾಗ ಕಾಲಲ್ಲಿ ಇರಬೇಕಾದ್ದು ಆ ಒಳಗಿನ ಷೂ. ಬೂಟಿನ ಎತ್ತರಕ್ಕೆ ಉಟ್ಟರೆ ಒಳಗೆ ಅಂಚು ನೆಲ ಗುಡಿಸುತ್ತದೆ.

ಗಾಜಿನ ಬಳೆ, ಕಾಲ್ಗೆಜ್ಜೆ ಮನೆಯಲ್ಲೇ ಇರಲಿ. ಗಾಜಿನ ಬಳೆ ಬೇಕೇ ಬೇಕು ಅನ್ನುವವರು ಕೈಗೊಂದೇ ಹಾಕಲಿ, ಒಂದಕ್ಕೊಂದು ತಾಗದಿದ್ದರೆ ಸದ್ದಿಲ್ಲ. ರವಿಕೆಯ ಬೆನ್ನಿಗೆ ಮಗ್ಗಂ ವರ್ಕ್ ಬೇಡ. ಕಲ್ಲು, ಮಣಿ ಬೆನ್ನಿಗೂ ಕುರ್ಚಿಗೂ ನಡುವೆ ಸಿಕ್ಕಿ ಒಂದು ತಾಸಿಗೇ ಚುಚ್ಚತೊಡಗುತ್ತವೆ. ತುರುಬನ್ನು ಕತ್ತಿನ ಹತ್ತಿರ ಕೆಳಗೆ ಕಟ್ಟಿ, ನೆತ್ತಿಯ ಮೇಲೆ ಕಟ್ಟಿದರೆ ಹಿಂದಿನವರ ಪಾಲಿಗೆ ರಂಗವೇ ಇಲ್ಲ. ಅತ್ತರು, ಸೆಂಟು ಆದಷ್ಟು ಕಡಿಮೆ.

ನಿಂತು ನೋಡುವ ಅಗ್ಗದ ಟಿಕೆಟ್ ಕೊಂಡಿದ್ದರೆ ಲೆಕ್ಕವೇ ಬೇರೆ. ಕಂಬಿಯ ಮುಂದೆ ಸಿಕ್ಕ ಜಾಗಕ್ಕೆ ಒಂದು ಸ್ಕಾರ್ಫ್ ಕಟ್ಟಿ ಗುರುತು ಮಾಡುವುದು ಅಲ್ಲಿನ ಹಳೇ ವಾಡಿಕೆ. ಕೆಂಪು, ನೀಲಿ, ಚೌಕುಳಿ, ಹೀಗೆ ಗಂಟು ಹಾಕಿದ ಬಟ್ಟೆಗಳ ಸಾಲೇ ಅಲ್ಲಿ ಕಾಣುತ್ತದೆ. ಅದಕ್ಕೆ ಹತ್ತಿಯ ಹಳೇ ಸ್ಕಾರ್ಫ್ ಒಂದು ಒಯ್ಯಿರಿ, ರೇಷ್ಮೆ ಶಾಲು ಗಂಟಿನಲ್ಲಿ ಹಾಳಾಗುತ್ತದೆ. ನಿಲ್ಲುವವರು ಸೆರಗನ್ನು ಸಡಿಲ ಬಿಡದೆ, ನೆರಿಗೆ ಮಾಡಿ ಹೆಗಲಿಗೆ ಪಿನ್ ಹಾಕಿ, ತುದಿಯನ್ನು ಬೆನ್ನ ಹಿಂದಿನಿಂದ ತಂದು ಸೊಂಟಕ್ಕೆ ಸಿಕ್ಕಿಸಬೇಕು. ಇಲ್ಲದಿದ್ದರೆ ಹಿಂದಿನವರ ಕೈ ಕಂಬಿಗೆ ಬಂದಾಗ ಸೆರಗೂ ಜೊತೆಗೆ ಸಿಕ್ಕಿಕೊಳ್ಳುತ್ತದೆ. ಪಿನ್ ಜರಿಯ ಮೇಲೆ ಬೇಡ, ಒಡಲಿಗೆ ಹಾಕಿ. ಬಿಸಿಗಾಳಿ ಮೇಲಕ್ಕೇರುವುದರಿಂದ ಗ್ಯಾಲರಿಯಲ್ಲಿ ಸೆಕೆ. ‘ಸಲೋಮೆ’ ಎಂಬ ಒಪೆರಾ ಬಿಡುವಿಲ್ಲದೆ ಎರಡು ತಾಸಿನೊಳಗೆ ಮುಗಿಯುತ್ತದೆ, ‘ಡೆರ್ ರೋಸೆನ್‌ಕವಲಿಯರ್’ ಬಿಡುವು ಸೇರಿ ನಾಲ್ಕು ಗಂಟೆ ದಾಟುತ್ತದೆ. ನಿಂತು ನೋಡುವುದಾದರೆ, ಸೀರೆಯ ಮೊದಲ ಸಲಕ್ಕೆ ‘ಸಲೋಮೆ’ಯಂಥದ್ದೇ ಆರಿಸಿ.

ಗಂಡಸರಿಗೆ ಗಾಢ ಬಣ್ಣದ ಸೂಟು ಅಥವಾ ಮುಚ್ಚುಗೊರಳಿನ ಜೋಧಪುರಿ ಕೋಟು ಎಲ್ಲ ಕಡೆಗೂ ಸಲ್ಲುತ್ತದೆ. ಪೇಟ ತೊಟ್ಟವರು ಕೂತ ಕೂಡಲೇ ತೆಗೆದು ತೊಡೆಯ ಮೇಲಿಟ್ಟುಕೊಳ್ಳಬೇಕು. ಕಿರುಗುಟ್ಟುವ ಷೂ ಬೇಡ.

ಮೈಸೂರು ರೇಷ್ಮೆ ಸೋಲುವ ಜಾಗಗಳೂ ಇವೆ. ಜರ್ಮನಿಯ ಬೈರಾಯ್ಟ್‌ನಲ್ಲಿ ಒಪೆರಾ ಸಂಯೋಜಕ ವಾಗ್ನರ್ ಕಟ್ಟಿಸಿ 1876ರಲ್ಲಿ ತೆರೆದ ರಂಗಮಂದಿರಕ್ಕೆ ಎಸಿ ಇಲ್ಲ, ಉತ್ಸವ ನಡೆಯುವುದು ಜುಲೈ, ಆಗಸ್ಟ್‌ನಲ್ಲಿ, ಮರದ ಕುರ್ಚಿಗೆ ಕೈಯೂರಲು ಆಸರೆಯಿಲ್ಲ. ಒಂದೊಂದು ಅಂಕ ತಾಸು ದಾಟಿದಾಗ ರೇಷ್ಮೆ ರವಿಕೆ ಕಂಕುಳಲ್ಲಿ ಒದ್ದೆಯಾಗಿ ಕಲೆ ಕಟ್ಟುತ್ತದೆ. ಅಲ್ಲಿಗೆ ಇಳಕಲ್ಲಿನ ಹತ್ತಿ-ರೇಷ್ಮೆ ಸೀರೆ, ಹತ್ತಿಯ ರವಿಕೆ ಸರಿ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವದಲ್ಲಿ ಸುಮಾರು ಒಂದೂವರೆ ತಾಸಿನ ಬಿಡುವು, ಹುಲ್ಲಿನ ಮೇಲೆ ಊಟ. ಅಲ್ಲಿ ಚೂಪು ಹಿಮ್ಮಡಿ ನೆಲಕ್ಕೆ ಹೂಳುತ್ತದೆ, ಸಂಜೆಯ ಇಬ್ಬನಿಗೆ ಅಂಚು ನೆನೆಯುತ್ತದೆ. ಅಂಚನ್ನು ಎರಡು ಬೆರಳು ಎತ್ತರಿಸಿ ಉಟ್ಟು, ಉಣ್ಣೆಯ ಶಾಲು ಒಯ್ದರೆ ನಡೆಯುತ್ತದೆ. ಇಟಲಿಯ ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ಸೀರೆಗೆ ಯಾವ ತಕರಾರೂ ಇಲ್ಲ. ಚಡ್ಡಿ, ಬನಿಯನ್ನಿನಂಥ ಅಂಗಿ, ಹವಾಯಿ ಚಪ್ಪಲಿಯಲ್ಲಿ ಬಂದವರನ್ನು ಮಾತ್ರ ಒಳಗೆ ಬಿಡುವುದಿಲ್ಲ, ಟಿಕೆಟ್ಟಿನ ದುಡ್ಡೂ ವಾಪಸಿಲ್ಲ.

ವಿಯೆನ್ನಾದ ಮಟ್ಟಿಗೆ ಮೈಸೂರು ರೇಷ್ಮೆಗೆ ಐದಕ್ಕೆ ನಾಲ್ಕು ಅಂಕ. ಒಂದು ಕಡಿಮೆಯಾದದ್ದು ಆ ಉಪ್ಪುಕೊಚ್ಚೆಯ ದೆಸೆಯಿಂದ. ಮನೆಗೆ ಬಂದ ರಾತ್ರಿಯೇ ಸೀರೆ ಮಡಿಸಬೇಡಿ. ನೆರಳಲ್ಲಿ ಹರವಿ ಬೆವರಾರಲು ಬಿಟ್ಟು, ಬೆಳಗ್ಗೆ ಬೆಳಕಿನಲ್ಲಿ ಅಂಚನ್ನು ಉದ್ದಕ್ಕೂ ನೋಡಿ. ಬಿಳಿ ಗೆರೆ ಕಂಡರೆ ಉಜ್ಜದೆ ಡ್ರೈ ವಾಶ್‌ಗೆ ಕೊಡಿ, ಕೊಡುವಾಗ ಅದು ಉಪ್ಪಿನ ಕಲೆ ಎಂದು ಬಾಯಿಬಿಟ್ಟು ಹೇಳಿ. ಕಲೆಯಿಲ್ಲದಿದ್ದರೆ ಜರಿ ಒಳಮುಖವಾಗುವಂತೆ ಮಡಿಸಿ, ಮೆತ್ತನೆ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು.