ಬೆನ್ನಿನ ಹುಕ್ಕೂ ಕಾಣುವ ರಂಗಮಂದಿರ: ಜೆ.ಪಿ. ನಗರದ ರಂಗಶಂಕರ

ರಂಗಶಂಕರಕ್ಕೆ ಹೊಸದಾಗಿ ಹೋಗುವವರು ಏಳೂವರೆಯ ನಾಟಕಕ್ಕೆ ಏಳಕ್ಕೇ ಅಲ್ಲಿರಿ. ಸಮಯಕ್ಕೆ ಸರಿಯಾಗಿ ಬಾಗಿಲು ಹಾಕುತ್ತಾರೆ. ಆಮೇಲೆ ಯಾರು ಬಂದರೂ ಒಳಗೆ ಬಿಡುವುದಿಲ್ಲ, ಟ್ರಾಫಿಕ್ಕಿನ ನೆಪ ನಡೆಯುವುದಿಲ್ಲ. ಇದು ಜಾಸ್ತಿಯಾಯಿತು ಅನ್ನುವವರಿದ್ದಾರೆ. ನನಗೆ ಇದೇ ಇಷ್ಟ. ನಟ ಮೊದಲ ಮಾತು ಆಡುವಾಗ ಯಾರೋ ಮೊಬೈಲ್ ಬೆಳಕಲ್ಲಿ ಸೀಟು ಹುಡುಕುತ್ತಿದ್ದರೆ ಆ ಮಾತು ಹೋದಂತೆಯೇ, ಅಲ್ವಾ?

ಹವ್ಯಾಸಿ ತಂಡಗಳ ನಾಟಕಕ್ಕೆ ಬಟ್ಟೆ ಹೊಲಿಯುವವಳು ನಾನು. ನನ್ನ ಕಣ್ಣು ಮೊದಲು ಹೋಗುವುದು ಸೀರೆಯ ಅಂಚಿಗೆ, ಅಂಗಿಯ ತೋಳಿಗೆ. ದೊಡ್ಡ ಹಾಲ್‌ಗಳಲ್ಲಿ ಜರಿಯ ಬದಲು ಹೊಳೆಯುವ ಟೇಪು ಹಚ್ಚಿದರೂ ಗೊತ್ತಾಗುವುದಿಲ್ಲ. ಇಲ್ಲಿ ಇರುವುದು ಮುನ್ನೂರು ಚಿಲ್ಲರೆ ಸೀಟು. ರಂಗ ಮುಂದಕ್ಕೆ ಚಾಚಿದೆ, ಜನ ಮೂರು ಕಡೆಯಿಂದ ನೋಡುತ್ತಾರೆ. ಬೆನ್ನಿನ ಹುಕ್ಕೂ ಕಾಣುತ್ತದೆ. ಹಾಗಾಗಿ ಇಲ್ಲಿ ಪ್ರದರ್ಶನ ಅಂದರೆ ಒಳಗಿನ ಹೊಲಿಗೆಯನ್ನೂ ಮತ್ತೊಮ್ಮೆ ನೋಡುತ್ತೇನೆ. ಹಿಂದಿನ ಸಾಲಿನಲ್ಲಿ ಕೂತರೂ ನಟಿಯ ಮುಖ ಚೆನ್ನಾಗಿ ಕಾಣುತ್ತದೆ.

ನಾಟಕದವರ ಕಷ್ಟ ಗೊತ್ತಿದ್ದವರು ಕಟ್ಟಿದ ಜಾಗ ಇದು. ಅರುಂಧತಿ ನಾಗ್ ಮುಂಬೈಯಲ್ಲಿ ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಶಂಕರ್ ನಾಗ್ ಅವರ ಕೈಹಿಡಿದು ಬೆಂಗಳೂರಿಗೆ ಬಂದರು, ಕನ್ನಡ ಕಲಿತು ಇಲ್ಲಿನ ರಂಗಕ್ಕೂ ಇಳಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಕಾರು ಅಪಘಾತವಾಗಿ ಶಂಕರ್ ಹೋದರು. ಅದೇ ಕಾರಿನಲ್ಲಿದ್ದ ಇವರಿಗೂ ತುಂಬಾ ಪೆಟ್ಟಾಗಿತ್ತು. ಎದ್ದು ನಿಂತ ಮೇಲೆ ಸಂಕೇತ್ ಟ್ರಸ್ಟ್ ಮಾಡಿ, ದುಡ್ಡಿಗಾಗಿ ಅಲೆದು, 2004ರಲ್ಲಿ ರಂಗಮಂದಿರದ ಬಾಗಿಲು ತೆರೆದರು. 2010ರಲ್ಲಿ ಪದ್ಮಶ್ರೀ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಇದನ್ನು ಇಷ್ಟು ವರ್ಷ ನಾಟಕಕ್ಕೇ ಮೀಸಲಾಗಿ ಉಳಿಸಿಕೊಂಡಿರುವುದು. ಮದುವೆ, ಸನ್ಮಾನಗಳಿಗೆ ಕೊಟ್ಟಿದ್ದರೆ ದುಡ್ಡು ಜಾಸ್ತಿ ಬರುತ್ತಿತ್ತು. ಇಲ್ಲಿ ಸೋಮವಾರ ಬಿಟ್ಟರೆ ಹೆಚ್ಚುಕಡಿಮೆ ದಿನಾ ನಾಟಕ. ಸಣ್ಣ ತಂಡಗಳ ಕೈಗೆಟುಕುವ ಬಾಡಿಗೆ. ಮಕ್ಕಳ ನಾಟಕಕ್ಕೆ ಅಂತಲೇ 'ಆಹಾ!' ಅನ್ನುವ ಕಾರ್ಯಕ್ರಮ ಬೇರೆ.

ಸೀಟಿಗೆ ನಂಬರ್ ಇಲ್ಲ, ಮೊದಲು ಬಂದವರು ಮೊದಲು ಕೂರುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕ್ಯೂನಲ್ಲಿ ಬೇಗ ನಿಲ್ಲಿ, ಮೆಟ್ಟಿಲು ಜಾಸ್ತಿ ಹತ್ತದೆ ಮುಂದೆಯೇ ಕೂರಬಹುದು. ಕಾರು ತರಬೇಡಿ, ಹಸಿರು ಮಾರ್ಗದ ಮೆಟ್ರೋ ಹಿಡಿದು ಅಲ್ಲಿಂದ ಆಟೋ ಮಾಡಿ. ಕೆಫೆಯ ಅಕ್ಕಿ ರೊಟ್ಟಿಯನ್ನು ನಾಟಕಕ್ಕೆ ಮೊದಲೇ ತಿನ್ನಿ, ಒಳಗೆ ತಿಂಡಿ ಒಯ್ಯುವ ಹಾಗಿಲ್ಲ.